ಹೋಟೆಲ್ ಹುಡುಕಿದ್ದು ಒಂದೇ ಸಲ, ಜಾಹೀರಾತು ತಿಂಗಳುಗಟ್ಟಲೆ

ಪ್ರವಾಸದ ಜಾಹೀರಾತುಗಳ ಕಾಟದ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇವೆ. ಆನ್‌ಲೈನ್ ಮಾರಾಟ ಮತ್ತು ಗ್ರಾಹಕ ಹಕ್ಕುಗಳ ವಿಷಯ ಬಲ್ಲವರು ಉತ್ತರಿಸಿದ್ದಾರೆ. ಬರೆದವರಲ್ಲಿ ಹೆಚ್ಚಿನವರು ಕಾಟ ಅನುಭವಿಸಿದವರು. ಒಬ್ಬರು ಮಾತ್ರ ಜಾಹೀರಾತು ಕೊಟ್ಟವರು. ಅವರ ಪ್ರಶ್ನೆಗೇ ಅತಿ ಉದ್ದದ ಉತ್ತರ ಬೇಕಾಯಿತು.

ದಸರಾ ರಜೆಗೆಂದು ಗೋವಾದ ಒಂದು ಹೋಟೆಲ್ ನೋಡಿದ್ದೆ. ಕೊನೆಗೆ ಬೇರೆ ಕಡೆ ಬುಕ್ ಮಾಡಿ, ಹೋಗಿ, ವಾಪಸೂ ಬಂದಾಯಿತು. ಈಗಲೂ ಅದೇ ಹೋಟೆಲಿನ ಈಜುಕೊಳದ ಫೋಟೊ ಸುದ್ದಿ ಓದುವಾಗ, ಯೂಟ್ಯೂಬ್‌ನಲ್ಲಿ, ಫೇಸ್‌ಬುಕ್‌ನಲ್ಲಿ ಎದುರಾಗುತ್ತಲೇ ಇದೆ. ಫೋನ್ ನಮ್ಮ ಮಾತನ್ನು ಕದ್ದು ಕೇಳುತ್ತದೆಯೇ? ನಿಲ್ಲಿಸುವುದು ಹೇಗೆ?
— ಓದುಗರು, ಮೈಸೂರು

ಈ ಜಾಹೀರಾತಿಗೆ ಮಾತು ಕದ್ದು ಕೇಳುವ ಅಗತ್ಯವೇ ಇಲ್ಲ. ನೀವು ಆ ಹೋಟೆಲಿನ ಪುಟ ತೆರೆದ ಕ್ಷಣದಲ್ಲೇ ಪುಟದೊಳಗಿದ್ದ ಒಂದು ಪುಟ್ಟ ಕೋಡ್ ನಿಮ್ಮ ಬ್ರೌಸರ್‌ಗೆ ಕುಕಿಯ (ಬ್ರೌಸರ್‌ನಲ್ಲಿ ಉಳಿಯುವ ಸಣ್ಣ ಕಡತ) ಮೂಲಕ ಗುರುತು ಹಾಕಿತು. ಆ್ಯಪ್‌ನಲ್ಲಿ ನೋಡಿದ್ದರೆ ಫೋನಿನ ಅಡ್ವರ್ಟೈಸಿಂಗ್ ಐಡಿ ಎಂಬ ಗುರುತಿನ ಸಂಖ್ಯೆ ಆ ಕೆಲಸ ಮಾಡುತ್ತದೆ. ಯಾವ ಹೋಟೆಲ್, ಯಾವ ತಾರೀಕು, ಎಷ್ಟು ಜನ ಎಂಬುದೂ ಅದರ ಜೊತೆ ದಾಖಲಾಗುತ್ತದೆ. ಮುಂದೆ ನೀವು ಎಲ್ಲಿ ಹೋದರೂ, ಅಲ್ಲಿನ ಜಾಹೀರಾತು ಜಾಗ ಹರಾಜಿಗೆ ಬಂದಾಗ ನಿಮ್ಮ ಗುರುತು ಇರುವ ಹೋಟೆಲ್ ಅಥವಾ ಬುಕಿಂಗ್ ಸೈಟ್ ಬಿಡ್ ಮಾಡುತ್ತದೆ. ಇದಕ್ಕೆ ರೀಟಾರ್ಗೆಟಿಂಗ್ ಎನ್ನುತ್ತಾರೆ.

ವಾಪಸು ಬಂದ ಮೇಲೂ ಯಾಕೆ ನಿಲ್ಲಲಿಲ್ಲವೆಂದರೆ, ನೀವು ಬುಕ್ ಮಾಡಿದ್ದು ಇನ್ನೊಂದು ಕಡೆ. ನಿಮ್ಮ ಪ್ರವಾಸ ಮುಗಿದದ್ದು ಮೊದಲ ಹೋಟೆಲಿಗೆ ಗೊತ್ತೇ ಇಲ್ಲ. ಗೂಗಲ್‌ನಲ್ಲಿ ಹೀಗೆ ಗುರುತು ಮಾಡಿದವರ ಪಟ್ಟಿಯಲ್ಲಿ ಒಬ್ಬರನ್ನು 540 ದಿನದವರೆಗೂ, ಫೇಸ್‌ಬುಕ್‌ನಲ್ಲಿ 180 ದಿನದವರೆಗೂ ಇಟ್ಟುಕೊಳ್ಳಬಹುದು. ಸೋಮಾರಿ ಜಾಹೀರಾತುದಾರರು ದಿನದ ಮಿತಿಯನ್ನು ಕಡಿಮೆ ಮಾಡುವ ಗೋಜಿಗೇ ಹೋಗುವುದಿಲ್ಲ.

ನಿಲ್ಲಿಸಲು ಈ ಕ್ರಮದಲ್ಲಿ ಮಾಡಿ. ಮೊದಲು ಆ ಜಾಹೀರಾತಿನ ಮೂಲೆಯ ಮೂರು ಚುಕ್ಕಿ ಅಥವಾ ಗುಣಿಸು ಗುರುತನ್ನು ಒತ್ತಿ, ಆ ಜಾಹೀರಾತುದಾರರನ್ನೇ ಬ್ಲಾಕ್ ಮಾಡಿ. ಗೂಗಲ್ ಖಾತೆಯ ‘ಮೈ ಆ್ಯಡ್ ಸೆಂಟರ್’ನಲ್ಲಿ ವೈಯಕ್ತಿಕ ಜಾಹೀರಾತನ್ನು ಪೂರ್ತಿ ಆಫ್ ಮಾಡುವ ಗುಂಡಿಯೂ ಇದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡಕ್ಕೂ ಸೇರಿ ‘ಅಕೌಂಟ್ಸ್ ಸೆಂಟರ್’ ಇರುತ್ತದೆ. ಅದರಲ್ಲಿ ಮೆಟಾದ (ಈ ಎರಡರ ಒಡೆತನದ ಕಂಪನಿ) ಹೊರಗಿನ ನಿಮ್ಮ ಚಟುವಟಿಕೆ ಎಂಬ ಭಾಗಕ್ಕೆ ಹೋಗಿ ಹಳೆಯದನ್ನು ಅಳಿಸಿ, ಮುಂದಿನದನ್ನು ಡಿಸ್ಕನೆಕ್ಟ್ ಮಾಡಿ. ಹೆಚ್ಚಿನವರು ತಪ್ಪಿಸುವುದು ಈ ಹೆಜ್ಜೆಯನ್ನೇ. ಆಮೇಲೆ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರೊಳಗೆ ಆ್ಯಡ್ಸ್ ತೆರೆದು ಅಡ್ವರ್ಟೈಸಿಂಗ್ ಐಡಿ ಡಿಲೀಟ್ ಮಾಡಿ. ಐಫೋನ್ ಆದರೆ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ ಟ್ರ್ಯಾಕಿಂಗ್ ತೆರೆದು, ಆ್ಯಪ್‌ಗಳು ಅನುಮತಿ ಕೇಳುವುದನ್ನೇ ಆಫ್ ಮಾಡಿ. ಕೊನೆಗೆ ಬ್ರೌಸರ್‌ನ ಕುಕಿ ಅಳಿಸಿ.

ಬರೀ ಬ್ರೌಸಿಂಗ್ ಹಿಸ್ಟರಿ ಅಳಿಸಿದರೆ ಏನೂ ಆಗದು. ಹಿಸ್ಟರಿ ಬೇರೆ, ಕುಕಿ ಬೇರೆ. ಜಾಹೀರಾತು ಶುರುವಾದ ಮೇಲೆ ಇನ್‌ಕಾಗ್ನಿಟೊ (ಬ್ರೌಸರ್‌ನ ಖಾಸಗಿ ಕಿಟಕಿ) ತೆರೆದರೂ ಪ್ರಯೋಜನವಿಲ್ಲ. ಹುಡುಕುವ ಮೊದಲೇ ತೆರೆದು, ಲಾಗಿನ್ ಆಗದೆ ಹುಡುಕಿದರೆ ಅದು ಕೆಲಸಕ್ಕೆ ಬರುತ್ತದೆ. ಸಫಾರಿ 2020ರಿಂದಲೇ ಹೊರಗಿನವರ ಕುಕಿಯನ್ನು, ಅಂದರೆ ನೀವು ತೆರೆದ ಸೈಟಿನದಲ್ಲದ ಕುಕಿಯನ್ನು, ಪೂರ್ತಿ ತಡೆಯುತ್ತಿದೆ, ಫೈರ್‌ಫಾಕ್ಸ್ ಪ್ರತಿ ಸೈಟಿನ ಕುಕಿಯನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತದೆ. ಕ್ರೋಮ್‌ನಲ್ಲಿ ಮಾತ್ರ ಆ ತಡೆಯನ್ನು ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಹಾಕಿಕೊಳ್ಳಬೇಕು. ಪ್ರವಾಸದ ಹುಡುಕಾಟಕ್ಕೆಂದೇ ಇನ್ನೊಂದು ಬ್ರೌಸರ್ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಸುಲಭದ ದಾರಿ.

‘ಇನ್ನು 2 ಕೋಣೆ ಮಾತ್ರ ಬಾಕಿ, 30 ಜನ ಈಗ ನೋಡುತ್ತಿದ್ದಾರೆ’ ಎಂದು ಕೆಂಪಕ್ಷರದಲ್ಲಿ ಬರುತ್ತದೆ. ನಮ್ಮ ಮನೆಯಲ್ಲಿ ಅದನ್ನು ನೋಡಿದರೆ ಸಾಕು, ತಕ್ಷಣ ಹಣ ಕಟ್ಟಿಬಿಡುತ್ತಾರೆ. ಅದು ನಿಜವೇ?
— ಓದುಗರು, ಹುಬ್ಬಳ್ಳಿ

ಕೆಲವೊಮ್ಮೆ ಅಕ್ಷರಶಃ ನಿಜ, ಆದರೆ ನೀವು ಅಂದುಕೊಂಡ ಅರ್ಥದಲ್ಲಲ್ಲ. 40 ಕೋಣೆಗಳ ಹೋಟೆಲು ಒಂದು ಸೈಟಿಗೆ ನಾಲ್ಕು ಕೋಣೆ ಹಂಚಿಕೊಟ್ಟು, ಅದರಲ್ಲಿ ಎರಡು ಹೋಗಿದ್ದರೆ ಅಲ್ಲಿ ‘2 ಬಾಕಿ’ ಎಂದು ತೋರಿಸುತ್ತದೆ. ಉಳಿದ ಕೋಣೆಗಳು ಹೋಟೆಲಿನ ಕೌಂಟರ್‌ನಲ್ಲಿ, ಬೇರೆ ಸೈಟ್‌ಗಳಲ್ಲಿ, ಇನ್ನೊಂದು ದರ್ಜೆಯಲ್ಲಿ ಇದ್ದೇ ಇರುತ್ತವೆ. ಇನ್ನು ‘30 ಜನ ನೋಡುತ್ತಿದ್ದಾರೆ’ ಎನ್ನುವ ಆ 30 ಜನರಲ್ಲಿ ನಿಮ್ಮ ತಾರೀಕಿಗೇ ನೋಡುತ್ತಿರುವವರು ಒಬ್ಬರೂ ಇಲ್ಲದಿರಬಹುದು.

ಇದು ಬರೀ ಅನುಮಾನವಲ್ಲ. 2019ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸ್ಪರ್ಧಾ ನಿಯಂತ್ರಣ ಸಂಸ್ಥೆಯ ತನಿಖೆಯ ನಂತರ ಆರು ದೊಡ್ಡ ಹೋಟೆಲ್ ಬುಕಿಂಗ್ ಸೈಟ್‌ಗಳು ತಮ್ಮ ರೀತಿ ಬದಲಿಸುವುದಾಗಿ ಒಪ್ಪಿಕೊಂಡವು. ಬೇರೆಯವರು ನೋಡುತ್ತಿದ್ದಾರೆ ಎಂದರೆ ಅವರು ಬೇರೆ ದಿನಕ್ಕೆ ಹುಡುಕುತ್ತಿರಬಹುದು ಎಂದೂ ಹೇಳಬೇಕು, ಒತ್ತಡ ಹೇರಲೆಂದು ಭರ್ತಿಯಾದ ಹೋಟೆಲುಗಳನ್ನು ಪಟ್ಟಿಯ ನಡುವೆ ತೂರಿಸಬಾರದು ಎಂಬುವು ಆ ಒಪ್ಪಂದದಲ್ಲಿದ್ದವು. ನಮ್ಮಲ್ಲಿ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿ 13 ಬಗೆಯ ಕುತಂತ್ರಗಳನ್ನು ಹೆಸರಿಸುತ್ತದೆ. ಮೊದಲನೆಯದೇ ಸುಳ್ಳು ತುರ್ತು, ಮತ್ತು ಅದಕ್ಕೆ ಕೊಟ್ಟಿರುವ ಉದಾಹರಣೆಗಳಲ್ಲಿ ನೀವು ಬರೆದ ‘2 ಕೋಣೆ, 30 ಜನ’ವೇ ಒಂದು.

ಮುಂದಿನ ಸಲ ಕೆಂಪಕ್ಷರ ಕಂಡಾಗ ಅದೇ ಹೋಟೆಲನ್ನು ಇನ್ನೊಂದು ಸೈಟಿನಲ್ಲಿ ಅದೇ ತಾರೀಕಿಗೆ ತೆರೆಯಿರಿ. ಆಮೇಲೆ ಸೀಸನ್ ಇಲ್ಲದ ಯಾವುದಾದರೂ ಮಂಗಳವಾರದ ತಾರೀಕು ಹಾಕಿ ನೋಡಿ. ಆಗಲೂ ‘2 ಬಾಕಿ’ ಎಂದೇ ಬಂದರೆ ಅದು ನಂಬುವ ಸೂಚನೆಯಲ್ಲ. ನಂತರ ಹೋಟೆಲಿಗೆ ನೇರ ಫೋನ್ ಮಾಡಿ, ಆ ದಿನಕ್ಕೆ ಒಟ್ಟು ಎಷ್ಟು ಕೋಣೆ ಖಾಲಿ, ನೇರ ಬಂದರೆ ತೆರಿಗೆ ಸೇರಿ ಎಷ್ಟು ಎಂದು ಕೇಳಿ. ಅಷ್ಟಕ್ಕೂ ಆತಂಕವಿದ್ದರೆ ಉಚಿತ ಕ್ಯಾನ್ಸಲೇಷನ್ ಇರುವ ದರದಲ್ಲಿ ಹಿಡಿದಿಟ್ಟು, ಕ್ಯಾನ್ಸಲ್ ಮಾಡುವ ಕೊನೆಯ ದಿನ ಮತ್ತು ಗಂಟೆಯನ್ನು ಬರೆದಿಟ್ಟುಕೊಳ್ಳಿ. ಹಾಗೆಂದು ದಸರಾ ವಾರದ ಮೈಸೂರು, ವರ್ಷದ ಕೊನೆಯ ಗೋಕರ್ಣ, ಉತ್ಸವದ ಹಂಪಿಯಂಥ ಕಡೆ ಕೋಣೆ ನಿಜವಾಗಿಯೂ ಮುಗಿಯುತ್ತದೆ. ಅಲ್ಲಿ ತಡ ಮಾಡಿದರೆ ನಷ್ಟ ನಿಮ್ಮದೇ.

ಗೀಟು ಎಳೆದ ‘ಹಳೆಯ ಬೆಲೆ’ಯ ಬಗ್ಗೆಯೂ ಒಂದು ಮಾತು. ಹೋಟೆಲ್ ದರ ಹೋಲಿಸುವ ಟ್ರಿವಾಗೊ ಸೈಟಿಗೆ 2022ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ 4.47 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಸಾಮಾನ್ಯ ಕೋಣೆಯ ದರವನ್ನು ಅದೇ ಹೋಟೆಲಿನ ಐಷಾರಾಮಿ ಕೋಣೆಯ ದರದ ಪಕ್ಕ ಇಟ್ಟು ಉಳಿತಾಯವೆಂಬಂತೆ ತೋರಿಸಿದ್ದು, ಹೆಚ್ಚು ಕ್ಲಿಕ್ ಶುಲ್ಕ ಕೊಟ್ಟವರ ಕೊಡುಗೆಯನ್ನು ಮುಂದೆ ಇಟ್ಟಿದ್ದು ಆ ಪ್ರಕರಣದ ತಿರುಳು. ‘ಶೇ 60 ರಿಯಾಯಿತಿ’ ಕಂಡಾಗ, ಯಾವ ಕೋಣೆಯ ಯಾವ ದರಕ್ಕೆ ಎಂದು ಮೊದಲು ನೋಡಿ.

ವಿಮಾನದ ಟಿಕೆಟ್ ಎರಡು ಮೂರು ಸಲ ಹುಡುಕಿದರೆ ದರ ಏರಿಸುತ್ತಾರಂತೆ, ಹೌದೇ?
— ಓದುಗರು, ಬೆಂಗಳೂರು

ದರ ಏರುವುದು ನಿಜ. ಕಾರಣ ಸಾಮಾನ್ಯವಾಗಿ ನಿಮ್ಮ ಹುಡುಕಾಟವಲ್ಲ. ಒಂದೇ ವಿಮಾನದ ಸೀಟುಗಳನ್ನು ಹಲವು ದರದ ಗುಂಪುಗಳಾಗಿ ವಿಂಗಡಿಸಿರುತ್ತಾರೆ. ಅಗ್ಗದ ಗುಂಪು ಖಾಲಿಯಾದಂತೆ ಮುಂದಿನದು ತೆರೆದುಕೊಳ್ಳುತ್ತದೆ, ನೀವು ಯೋಚಿಸುವ ಹೊತ್ತಿಗೆ ಬೇರೆಯವರು ಕೊಂಡಿರುತ್ತಾರೆ. ಇದರಲ್ಲೊಂದು ಉಪಯೋಗದ ಸಂಗತಿಯಿದೆ. ಅಗ್ಗದ ಗುಂಪಿನಲ್ಲಿ ಎರಡೇ ಸೀಟು ಉಳಿದಿದ್ದು ನೀವು ನಾಲ್ವರಿಗೆ ಹುಡುಕಿದರೆ, ನಾಲ್ಕಕ್ಕೂ ಮೇಲಿನ ದರವನ್ನೇ ತೋರಿಸುವುದು ರೂಢಿ. ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ, ಕೊನೆಗೆ ನಾಲ್ವರಿಗೆ ಹುಡುಕಿ ನೋಡಿ. ವ್ಯತ್ಯಾಸ ಕಂಡರೆ ಎರಡು ಬುಕಿಂಗ್ ಮಾಡಬಹುದು. ಆದರೆ ವಿಮಾನ ರದ್ದಾದಾಗ ಅಥವಾ ಸಮಯ ಬದಲಾದಾಗ ಎರಡನ್ನೂ ಬೇರೆ ಬೇರೆಯಾಗಿ ನಿಭಾಯಿಸಬೇಕಾಗುತ್ತದೆ; ಮಕ್ಕಳಿದ್ದರೆ ಬೇಡ.

‘ದರ ಏರುತ್ತಿದೆ, ಈಗಲೇ ಬುಕ್ ಮಾಡಿ’ ಎಂಬ ನೋಟಿಫಿಕೇಷನ್‌ಗೆ ಹೆದರುವ ಬದಲು, ದರ ಇಳಿದಾಗ ಇಮೇಲ್ ಕಳಿಸುವ ಅಲರ್ಟ್ ಒಂದನ್ನು ನೀವೇ ಹಾಕಿಕೊಳ್ಳಿ. ತಾನಾಗಿ ಕೇಳಿಕೊಂಡ ಸೂಚನೆ ಕಿರಿಕಿರಿ ಮಾಡುವುದಿಲ್ಲ.

ಸಕಲೇಶಪುರದ ಬಳಿ ಐದು ಕೋಣೆಗಳ ಹೋಂಸ್ಟೇ ನಡೆಸುತ್ತೇವೆ. ಒಬ್ಬ ಏಜೆಂಟರ ಮೂಲಕ ಫೇಸ್‌ಬುಕ್, ಗೂಗಲ್ ಜಾಹೀರಾತು ಹಾಕಿಸಿದೆವು. ಕ್ಲಿಕ್ ಬರುತ್ತವೆ, ಬುಕಿಂಗ್ ಇಲ್ಲ. ಅದರ ಮೇಲೆ ‘ನಿಮ್ಮ ಕಾಟ ಸಾಕಾಗಿದೆ, ಸತ್ತರೂ ಬರಲ್ಲ’ ಎಂಬಂಥ ಕಾಮೆಂಟ್. ನಾವು ಯಾರಿಗೂ ಮೋಸ ಮಾಡಿಲ್ಲ. ಜನ ಯಾಕೆ ಹೀಗೆ ಸಿಟ್ಟಾಗುತ್ತಾರೆ?
— ಓದುಗರು, ಹಾಸನ ಜಿಲ್ಲೆ

ಸಿಟ್ಟು ನಿಮ್ಮ ಹೋಂಸ್ಟೇ ಮೇಲಲ್ಲ, ಬೆನ್ನು ಬಿದ್ದ ರೀತಿಯ ಮೇಲೆ. ಬಸ್ ಸ್ಟ್ಯಾಂಡಿನಲ್ಲಿ ತೋಳು ಹಿಡಿದು ಎಳೆಯುವ ಏಜೆಂಟನ ಲಾಡ್ಜ್ ಚೆನ್ನಾಗಿಯೇ ಇರಬಹುದು. ನಾವು ಕೈ ಕೊಸರಿಕೊಂಡು ಎದುರಿನದಕ್ಕೆ ಹೋಗುತ್ತೇವೆ. ಪ್ರವಾಸದಲ್ಲಿ ಇದು ಇನ್ನೂ ತೀವ್ರ, ಏಕೆಂದರೆ ಎಲ್ಲಿಗೆ ಹೋಗಬೇಕು ಎಂದು ತಾನೇ ಆರಿಸುವುದು ರಜೆಯ ಖುಷಿಯ ಒಂದು ಭಾಗ. ಆ ಆಯ್ಕೆಯನ್ನು ಯಾರೋ ಕಿತ್ತುಕೊಳ್ಳುತ್ತಿದ್ದಾರೆ ಅನ್ನಿಸಿದರೆ, ಇಷ್ಟವಾಗಿದ್ದ ಜಾಗವನ್ನೂ ಬಿಟ್ಟುಬಿಡುತ್ತಾರೆ.

ನಿಮ್ಮ ವಿಷಯಕ್ಕೇ ಹತ್ತಿರದ ಒಂದು ಸಂಶೋಧನೆಯಿದೆ. ಲಂಡನ್ ಬಿಸಿನೆಸ್ ಸ್ಕೂಲಿನ ಆ್ಯನ್ಯಾ ಲಾಂಬ್ರೆಕ್ಟ್ ಮತ್ತು ಎಂಐಟಿಯ ಕ್ಯಾಥರೀನ್ ಟಕ್ಕರ್ ಒಂದು ಪ್ರವಾಸ ಬುಕಿಂಗ್ ಸೈಟಿನ ಗ್ರಾಹಕರ ಮೇಲೆ ಪ್ರಯೋಗ ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಅವರು ನೋಡಿದ್ದ ಹೋಟೆಲನ್ನೇ ಮತ್ತೆ ತೋರಿಸುವ ಜಾಹೀರಾತು, ಇನ್ನೊಂದಕ್ಕೆ ಆ ಬ್ರಾಂಡಿನ ಸಾಮಾನ್ಯ ಜಾಹೀರಾತು. ಒಟ್ಟಾರೆ ನೋಡಿದರೆ, ಅದೇ ಹೋಟೆಲ್ ತೋರಿಸಿದ ಜಾಹೀರಾತೇ ಕಡಿಮೆ ಫಲ ಕೊಟ್ಟಿತು. ಗ್ರಾಹಕರು ಪ್ರವಾಸಿಗರ ವಿಮರ್ಶೆಗಳ ಸೈಟಿಗೆ ಹೋಗಿ ನೋಡಿ, ತಮಗೇನು ಬೇಕೆಂದು ಖಚಿತ ಮಾಡಿಕೊಂಡ ಮೇಲೆ ಮಾತ್ರ ಆ ಕೊರತೆ ನೀಗಿತು. ಟಕ್ಕರ್ ಅವರೇ ಅವಿ ಗೋಲ್ಡ್‌ಫಾರ್ಬ್ ಜೊತೆ 2011ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಪುಟದ ವಿಷಯಕ್ಕೆ ಹೊಂದುವ ಜಾಹೀರಾತೂ ಫಲಿಸಿತು, ಕಣ್ಣಿಗೆ ರಾಚುವ ಜಾಹೀರಾತೂ ಫಲಿಸಿತು. ಎರಡೂ ಗುಣ ಒಂದರಲ್ಲೇ ಸೇರಿದಾಗ ಫಲ ಕುಸಿಯಿತು. ನಿಮ್ಮ ಏಜೆಂಟರು ಮಾಡಿಸಿರುವುದು ಬಹುಪಾಲು ಈ ಮೂರನೆಯದನ್ನೇ.

ಸರಿಪಡಿಸುವುದಕ್ಕೆ ಮೊದಲು ಖಾತೆಯ ಪ್ರವೇಶ ನಿಮ್ಮ ಕೈಯಲ್ಲಿರಲಿ. ಜಾಹೀರಾತು ಖಾತೆ ನಿಮ್ಮ ಹೆಸರಿನಲ್ಲಿದ್ದು ಏಜೆಂಟರಿಗೆ ಅನುಮತಿ ಕೊಡುವುದು ಸರಿಯಾದ ಕ್ರಮ, ಉಲ್ಟಾ ಅಲ್ಲ.

ಮೊದಲನೆಯದಾಗಿ, ಈಗಾಗಲೇ ಬುಕ್ ಮಾಡಿದವರನ್ನು ಹೊರಗಿಡಿ. ವೆಬ್‌ಸೈಟಿನಲ್ಲಿ ಬುಕ್ ಆದರೆ ‘ಧನ್ಯವಾದ’ ಪುಟಕ್ಕೆ ಕೋಡ್ ಹಾಕಿ, ಆ ಪುಟ ತಲುಪಿದವರನ್ನು ಪಟ್ಟಿಯಿಂದ ತೆಗೆಯುವುದು ಸುಲಭ. ಹೋಂಸ್ಟೇಗಳಲ್ಲಿ ಎಡವಟ್ಟಾಗುವುದು ಇನ್ನೊಂದು ಕಡೆ: ಜನ ವೆಬ್‌ಸೈಟ್ ನೋಡಿ, ವಾಟ್ಸ್ಆ್ಯಪ್‌ನಲ್ಲಿ ಮಾತಾಡಿ, ಯುಪಿಐ ಮೂಲಕ ಮುಂಗಡ ಕಳಿಸುತ್ತಾರೆ. ಕೋಡ್‌ಗೆ ಇದ್ಯಾವುದೂ ಕಾಣುವುದಿಲ್ಲ. ನಿಮ್ಮಲ್ಲೇ ಕೂತು ಅಕ್ಕಿರೊಟ್ಟಿ ತಿನ್ನುತ್ತಿರುವ ಅತಿಥಿಯ ಫೋನಿನಲ್ಲಿ ‘ಇನ್ನೂ ಬುಕ್ ಮಾಡಿಲ್ಲವೇ?’ ಎಂದು ನಿಮ್ಮದೇ ಜಾಹೀರಾತು ಬರುತ್ತದೆ, ನೀವು ಕಡಿಮೆ ದರ ತೋರಿಸಿದ್ದರೆ ಜಗಳವೂ ಆಗುತ್ತದೆ. ಅವರ ಒಪ್ಪಿಗೆ ಪಡೆದು ಫೋನ್ ನಂಬರುಗಳ ಪಟ್ಟಿಯನ್ನು ವಾರಕ್ಕೊಮ್ಮೆ ‘ತೋರಿಸಬಾರದವರು’ ಎಂದು ಖಾತೆಗೆ ಏರಿಸಿ.

ಎರಡನೆಯದು ದಿನಗಳ ಮಿತಿ. ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವವರು ತಿಂಗಳುಗಟ್ಟಲೆ ಯೋಚಿಸುವುದಿಲ್ಲ. ಗೂಗಲ್‌ನಲ್ಲಿ ಸಾಮಾನ್ಯವಾಗಿ 30 ದಿನ ಎಂದಿರುವುದನ್ನು 7ಕ್ಕೆ ಇಳಿಸಿ. ಡಿಸೆಂಬರ್ ರಜೆಗೆ ಬೇಕಾದರೆ 14 ಮಾಡಿಕೊಳ್ಳಿ. ಒಬ್ಬರಿಗೆ ದಿನಕ್ಕೆ ಎಷ್ಟು ಸಲ ಎಂಬ ಫ್ರೀಕ್ವೆನ್ಸಿ ಕ್ಯಾಪ್ ಗೂಗಲ್ ಡಿಸ್‌ಪ್ಲೇ (ಬೇರೆ ಸೈಟ್, ಆ್ಯಪ್‌ಗಳಲ್ಲಿ ಚಿತ್ರವಾಗಿ ಬರುವ) ಜಾಹೀರಾತಿನ ಸೆಟ್ಟಿಂಗ್ಸ್‌ನಲ್ಲಿದೆ. ದಿನಕ್ಕೆ 2 ಸಲಕ್ಕಿಂತ ಹೆಚ್ಚು ಬೇಡ ಎಂಬುದು ನಮ್ಮ ಅಭಿಪ್ರಾಯ. ಫೇಸ್‌ಬುಕ್‌ನಲ್ಲಿ ಎಲ್ಲ ಬಗೆಯ ಜಾಹೀರಾತಿಗೂ ಈ ಮಿತಿ ಹಾಕಲಾಗದು. ವರದಿಯಲ್ಲಿ ‘ಫ್ರೀಕ್ವೆನ್ಸಿ’ ಅಂಕಣ ನೋಡುತ್ತಿದ್ದು, ವಾರದಲ್ಲಿ 4 ದಾಟಿದರೆ ನಿಲ್ಲಿಸಿ ಅಥವಾ ಚಿತ್ರ ಬದಲಿಸಿ. ಜನ ‘ಹೈಡ್’ ಒತ್ತುವುದನ್ನು ಫೇಸ್‌ಬುಕ್ ಲೆಕ್ಕಕ್ಕೆ ಹಿಡಿಯುತ್ತದೆ. ಹರಾಜಿನಲ್ಲಿ ನಿಮ್ಮ ಜಾಹೀರಾತಿನ ಗುಣಮಟ್ಟದ ಅಂದಾಜು ಕೆಳಗಿಳಿದು, ಅಷ್ಟೇ ಜನರನ್ನು ತಲುಪಲು ಹೆಚ್ಚು ಹಣ ತೆರಬೇಕಾಗುತ್ತದೆ. ಅಂದರೆ ಜನರ ಸಿಟ್ಟಿಗೆ ನೀವು ರೂಪಾಯಿ ಲೆಕ್ಕದಲ್ಲೇ ಬೆಲೆ ಕೊಡುತ್ತೀರಿ.

ಮೂರನೆಯದು ಏನು ತೋರಿಸುತ್ತೀರಿ ಎಂಬುದು. ಮುಖಪುಟ ನೋಡಿ ಹೋದವರಿಗೆ ‘ನೀವು ನೋಡಿದ ಕೋಣೆ’ ಎಂದು ಬೆನ್ನು ಬೀಳಬೇಡಿ. ಅವರ ಮನಸ್ಸಿನಲ್ಲಿರುವ ಅನುಮಾನಕ್ಕೆ ಉತ್ತರ ಕೊಡಿ: ಮಳೆಗಾಲದಲ್ಲಿ ಜಿಗಣೆ ಕಾಟ ಎಷ್ಟು, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದರೆ ನಿಮ್ಮಲ್ಲಿಗೆ ದಾರಿ ಇದೆಯೇ, ಕೊನೆಯ ಎರಡು ಕಿಲೋಮೀಟರ್‌ನಲ್ಲಿ ಸಾಮಾನ್ಯ ಕಾರು ಬರುತ್ತದೆಯೇ, ಸಕಲೇಶಪುರ ರೈಲು ನಿಲ್ದಾಣದಿಂದ ಕರೆತರುತ್ತೀರಾ, ಮೊಬೈಲ್ ಸಿಗ್ನಲ್ ಯಾವ ಕಂಪನಿಯದು ಸಿಗುತ್ತದೆ. ತಾರೀಕು ಹಾಕಿ ದರದವರೆಗೆ ಬಂದು ನಿಂತವರಿಗೆ ಮಾತ್ರ ಕೋಣೆಯ ಚಿತ್ರ, ಊಟ ಮತ್ತು ತೆರಿಗೆ ಸೇರಿದ ಒಟ್ಟು ದರ ತೋರಿಸಿ.

ವೆಬ್‌ಸೈಟಿಗೆ ಬಂದ ತಕ್ಷಣ ‘ನಿಮ್ಮ ನಂಬರ್ ಕೊಡಿ, ಶೇ 10 ರಿಯಾಯಿತಿ’ ಎಂದು ಪರದೆ ಮುಚ್ಚುವ ಪಾಪ್‌ಅಪ್ ಇದ್ದರೆ ಇಂದೇ ತೆಗೆಸಿ. ಮೊಬೈಲಿನಲ್ಲಿ ಹೀಗೆ ಮುಚ್ಚುವ ಪುಟಗಳ ಸ್ಥಾನ ಹುಡುಕಾಟದಲ್ಲಿ ಕೆಳಗಿಳಿಯಬಹುದೆಂದು ಗೂಗಲ್ 2017ರ ಜನವರಿಯಿಂದಲೇ ನಿಯಮ ತಂದಿದೆ. ಹಾಕಲೇಬೇಕಿದ್ದರೆ ದರದ ಪುಟದ ತಳಭಾಗದಲ್ಲಿ ಸಣ್ಣ ಪಟ್ಟಿಯಾಗಿ ಹಾಕಿ, ಮುಚ್ಚುವ ಗುರುತು ಹೆಬ್ಬೆರಳಿಗೆ ಸಿಗುವಷ್ಟು, ಕನಿಷ್ಠ 48 ಪಿಕ್ಸೆಲ್ ಇರಲಿ. ಬೇರೆ ಕಡೆ ಬರುವ ನಿಮ್ಮ ಜಾಹೀರಾತನ್ನು ಮುಚ್ಚಲು ಹೋಗಿ ತಪ್ಪಿ ಒತ್ತಿದ್ದೂ ಕ್ಲಿಕ್ ಆಗಿಯೇ ಎಣಿಕೆಯಾಗುತ್ತದೆ. ನಿಮ್ಮ ‘ಕ್ಲಿಕ್ ಇದೆ, ಬುಕಿಂಗ್ ಇಲ್ಲ’ಕ್ಕೆ ಇಂಥ ತಪ್ಪು ಒತ್ತುಗಳೂ ಒಂದು ಕಾರಣವಿರಬಹುದು. ಮೊಬೈಲ್ ಗೇಮ್ ಆ್ಯಪ್‌ಗಳಲ್ಲಿ ನಿಮ್ಮ ಜಾಹೀರಾತು ಬರುತ್ತಿದೆಯೇ ಎಂದು ಪ್ಲೇಸ್‌ಮೆಂಟ್ ವರದಿಯಲ್ಲಿ (ಜಾಹೀರಾತು ಎಲ್ಲೆಲ್ಲಿ ಕಂಡಿತು ಎಂಬ ಪಟ್ಟಿ) ನೋಡಿ, ಬರುತ್ತಿದ್ದರೆ ಆ ಆ್ಯಪ್‌ಗಳನ್ನು ಹೊರಗಿಡಿ. ಮಕ್ಕಳು ಒತ್ತಿದ ಕ್ಲಿಕ್ಕಿಗೂ ಹಣ ಕಟ್ಟುವವರು ನೀವೇ.

ಸಿಟ್ಟಿನ ಕಾಮೆಂಟನ್ನು ಅಳಿಸಬೇಡಿ. ‘ತೊಂದರೆಯಾಯಿತು, ಕ್ಷಮಿಸಿ. ಮೂರು ಚುಕ್ಕಿ ಒತ್ತಿ ಹೈಡ್ ಮಾಡಿದರೆ ಈ ಜಾಹೀರಾತು ಮತ್ತೆ ಬರುವುದಿಲ್ಲ’ ಎಂದು ಎರಡೇ ಸಾಲು ಬರೆಯಿರಿ. ಅದನ್ನು ಓದುವ ಬೇರೆಯವರ ಮೇಲೂ ಅದರ ಪರಿಣಾಮ ಆಗುತ್ತದೆ. ಇಂಥ ಕಾಮೆಂಟ್ ಮತ್ತೆ ಬರದಂತೆ ನೋಡಿಕೊಳ್ಳುವುದು ಮೇಲಿನ ಮಿತಿಗಳ ಕೆಲಸ.

ಅಪ್ಪ ಅಮ್ಮನಿಗೆ ಕೇದಾರನಾಥದ ಹೆಲಿಕಾಪ್ಟರ್ ಟಿಕೆಟ್ ಹುಡುಕಿದೆ. ಮೊದಲು ಬಂದ ಸೈಟಿನವರು ವಾಟ್ಸ್ಆ್ಯಪ್‌ಗೆ ಬಂದು, ಒಬ್ಬ ವ್ಯಕ್ತಿಯ ಹೆಸರಿನ ಯುಪಿಐಗೆ ಹಣ ಹಾಕಲು ಹೇಳಿದರು. ಹಾಕಲೇ?
— ಓದುಗರು, ದಾವಣಗೆರೆ

ಹಾಕಬೇಡಿ. ಕೇದಾರನಾಥದ ಹೆಲಿಕಾಪ್ಟರ್ ಶಟಲ್ ಟಿಕೆಟ್ ಐಆರ್‌ಸಿಟಿಸಿ ನಡೆಸುವ ಹೆಲಿಯಾತ್ರಾ ಸೈಟಿನಲ್ಲಿ ಮಾತ್ರ. ವಿಳಾಸ ‘ಹೆಲಿಯಾತ್ರಾ ಡಾಟ್ ಐಆರ್‌ಸಿಟಿಸಿ ಡಾಟ್ ಕೋ ಡಾಟ್ ಇನ್’. ಅದಕ್ಕೂ ಮೊದಲು ಉತ್ತರಾಖಂಡ ಸರ್ಕಾರದ ಸೈಟಿನಲ್ಲಿ ಯಾತ್ರೆಯ ನೋಂದಣಿ ಆಗಿರಬೇಕು. ಹುಡುಕಾಟದಲ್ಲಿ ಮೊದಲು ಬಂದದ್ದು ಹೆಚ್ಚಾಗಿ ಹಣ ಕೊಟ್ಟು ಹಾಕಿಸಿದ ಜಾಹೀರಾತು. ಮೇಲೆ ಸಣ್ಣಕ್ಷರದಲ್ಲಿ ‘ಸ್ಪಾನ್ಸರ್ಡ್’ ಎಂದಿರುತ್ತದೆ. ಪಕ್ಕದ ಮೂರು ಚುಕ್ಕಿ ಒತ್ತಿದರೆ ಜಾಹೀರಾತು ಕೊಟ್ಟವರ ಹೆಸರು ಮತ್ತು ದೇಶ ಕಾಣುತ್ತದೆ. ತಿರುಪತಿಯ 300 ರೂಪಾಯಿ ದರ್ಶನದ ಟಿಕೆಟ್‌ಗೂ ಇದೇ ಎಚ್ಚರ ಬೇಕು, ಅಸಲಿ ಸೈಟಿನ ವಿಳಾಸ ‘ಎಪಿ ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ವಿಮಾನ ಸಂಸ್ಥೆಗಳ ಕಸ್ಟಮರ್ ಕೇರ್ ನಂಬರನ್ನು ಹುಡುಕಾಟದಿಂದ ಎತ್ತಿಕೊಳ್ಳಬೇಡಿ, ಟಿಕೆಟ್ಟಿನ ಮೇಲಿರುವುದನ್ನೇ ಬಳಸಿ.

ಜಾಹೀರಾತನ್ನು ಕಣ್ಣು ತಾನಾಗಿ ದಾಟಿಹೋಗುವ ಅಭ್ಯಾಸ ನಮಗೆಲ್ಲ ಇದೆ. ಆದರೆ ಜಾಹೀರಾತು ಫಲಿತಾಂಶದ ವೇಷದಲ್ಲಿ ಬಂದಾಗ ಆ ರಕ್ಷಣೆ ಕೆಲಸ ಮಾಡುವುದಿಲ್ಲ, ಅದರಲ್ಲೂ ಹಿರಿಯರಿಗಾಗಿ ಅವಸರದಲ್ಲಿ ಹುಡುಕುವಾಗ. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಯುಪಿಐ ವ್ಯವಹಾರದ 12 ಅಂಕಿಯ ಸಂಖ್ಯೆ, ಹೋದ ಮೊತ್ತ, ಸಮಯ ಕೈಯಲ್ಲಿರಲಿ. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವುದಕ್ಕೆ ಮೊದಲ ಒಂದೆರಡು ಗಂಟೆಯೇ ಮುಖ್ಯ.

ಮಾಲ್‌ನಲ್ಲಿ ಲಕ್ಕಿ ಡ್ರಾ ಕೂಪನ್ ತುಂಬಿದ್ದೇ ತಪ್ಪಾಯಿತು. ‘3 ರಾತ್ರಿ ಉಚಿತ ಪ್ರವಾಸ ಗೆದ್ದಿದ್ದೀರಿ’ ಎಂದು ದಿನವೂ ಕರೆ, ಮೆಸೇಜ್.
— ಓದುಗರು, ಶಿವಮೊಗ್ಗ

1909ಕ್ಕೆ ಕರೆ ಮಾಡಿ ಅಥವಾ ನಿಮ್ಮ ಮೊಬೈಲ್ ಕಂಪನಿಯ ಆ್ಯಪ್‌ನಲ್ಲಿ ಡಿಎನ್‌ಡಿ (ಪ್ರಚಾರದ ಕರೆ, ಮೆಸೇಜ್ ತಡೆಯುವ ಸೌಲಭ್ಯ) ತೆರೆಯಿರಿ. ಎಲ್ಲವನ್ನೂ ತಡೆಯಬಹುದು, ಇಲ್ಲವೇ ವಿಭಾಗವಾರು ಆರಿಸಬಹುದು. ಪ್ರವಾಸ ಮತ್ತು ವಿರಾಮ 7ನೆಯ ವಿಭಾಗ. ಆದರೆ ಕೂಪನ್ನಿನ ಕೆಳಗೆ ‘ಸಂಪರ್ಕಿಸಲು ಒಪ್ಪಿದ್ದೇನೆ’ ಎಂದು ಇದ್ದಿದ್ದರೆ ಆ ಕಂಪನಿ ಅದನ್ನೇ ಮುಂದೆ ಮಾಡುತ್ತದೆ. ಒಪ್ಪಿಗೆ ಹಿಂಪಡೆದಿದ್ದೇನೆ ಎಂದು ಅವರಿಗೆ ಲಿಖಿತವಾಗಿ, ಇಮೇಲ್‌ನಲ್ಲಾದರೂ ತಿಳಿಸಿ.

ಪ್ರಚಾರದ ಕರೆ 140ರಿಂದ ಶುರುವಾಗುವ ನಂಬರಿನಿಂದಲೇ ಬರಬೇಕು, ಎಸ್‌ಎಂಎಸ್ ಕಳಿಸಿದವರ ಹೆಸರಿನ ಕೊನೆಗೆ ‘ಪಿ’ ಅಕ್ಷರ ಇರಬೇಕು. ಸಾಮಾನ್ಯ 10 ಅಂಕಿಯ ಮೊಬೈಲಿನಿಂದ ಮಾರಾಟದ ಕರೆ ಬಂದರೆ ಅದೇ ನಿಯಮ ಉಲ್ಲಂಘನೆ. ಅಂಥ ಕರೆ ಬಂದ 7 ದಿನದೊಳಗೆ ನಂಬರು, ತಾರೀಕು, ಏನೆಂದರು ಎಂಬ ಒಂದು ಸಾಲಿನೊಂದಿಗೆ 1909ಕ್ಕೆ ದೂರು ಕೊಡಿ. 2025ರ ಫೆಬ್ರವರಿಯ ತಿದ್ದುಪಡಿಯ ನಂತರ, ನೋಂದಣಿಯಿಲ್ಲದೆ ಕರೆ ಮಾಡುವವರ ಮೇಲೆ ಮೊಬೈಲ್ ಕಂಪನಿ 5 ದಿನದಲ್ಲಿ ಕ್ರಮ ಕೈಗೊಳ್ಳಬೇಕು. 10 ದಿನದಲ್ಲಿ 5 ದೂರು ಸೇರಿದರೆ ಕ್ರಮ ಶುರುವಾಗುತ್ತದೆ, ಹಾಗಾಗಿ ನಂಬರನ್ನು ಬರೀ ಬ್ಲಾಕ್ ಮಾಡಿ ಸುಮ್ಮನಾಗದೆ ದೂರನ್ನೂ ಕೊಡಿ.

ಆ ‘ಉಚಿತ’ ಪ್ರವಾಸ ಸಾಮಾನ್ಯವಾಗಿ ಟೈಮ್‌ಶೇರ್ (ರೆಸಾರ್ಟಿನಲ್ಲಿ ವರ್ಷಕ್ಕೆ ಕೆಲವು ದಿನ ತಂಗುವ ಹಕ್ಕು) ಮಾರುವ ಸಭೆಗೆ ದಂಪತಿಯನ್ನು ಕರೆಸುವ ಉಪಾಯ. ಹೋದರೂ ಅಲ್ಲೇ ಸಹಿ ಮಾಡಬೇಡಿ. ವಾರ್ಷಿಕ ನಿರ್ವಹಣಾ ಶುಲ್ಕ ಎಷ್ಟು, ಅದು ವರ್ಷಕ್ಕೆಷ್ಟು ಏರಬಹುದು, ಬಿಟ್ಟರೆ ಎಷ್ಟು ಹಣ ವಾಪಸು ಎಂಬ ಮೂರನ್ನೂ ಕರಾರು ಪತ್ರದಲ್ಲೇ ತೋರಿಸಲು ಹೇಳಿ. ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ.

ವಿಮಾನ ಟಿಕೆಟ್ ಬುಕ್ ಮಾಡುವಾಗ ವಿಮೆ ಬೇಡವೆಂದರೆ ‘ನಾನು ರಕ್ಷಣೆಯಿಲ್ಲದೆ ಇರುತ್ತೇನೆ’ ಎಂಬ ಗುಂಡಿಯನ್ನೇ ಒತ್ತಬೇಕು. ಹೆಂಡತಿ ಮಕ್ಕಳ ಜೊತೆ ಹೊರಟಾಗ ಅದನ್ನು ಒತ್ತಲು ಮನಸ್ಸು ಬರುವುದಿಲ್ಲ.
— ಓದುಗರು, ಉಡುಪಿ

ಮನಸ್ಸು ಬಾರದಿರಲಿ ಎಂದೇ ಹಾಗೆ ಬರೆದಿರುವುದು. ಮೇಲೆ ಹೇಳಿದ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿಯಲ್ಲಿ ನಾಚಿಸಿ ಒಪ್ಪಿಸುವ ತಂತ್ರಕ್ಕೆ ಕೊಟ್ಟಿರುವ ಉದಾಹರಣೆಯೂ ವಿಮಾನ ಟಿಕೆಟ್ಟಿನ ಈ ವಾಕ್ಯವೇ. ಕೇಳದೆ ವಿಮೆ ಸೇರಿಸುವುದು, ಕೊನೆಯ ಪುಟದಲ್ಲಿ ದರ ಏರಿಸುವುದು ಕೂಡ ಪಟ್ಟಿಯಲ್ಲಿವೆ. ವಿಮೆ ಬೇಕೇ ಬೇಡವೇ ಎಂಬುದನ್ನು ಬುಕ್ ಮಾಡಲು ಕೂರುವ ಮೊದಲೇ ನಿರ್ಧರಿಸಿ. ಬೇಕಿದ್ದರೆ ಪಾಲಿಸಿ ಓದಿ ಬೇರೆಯಾಗಿಯೂ ಕೊಳ್ಳಬಹುದು. ದೂರಿಗೆ 1915 ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸೈಟ್. ಮೊದಲ ಪುಟದ ದರ, ವಿಮೆಯ ಗುಂಡಿ, ಹಣ ಕಟ್ಟುವ ಪುಟ, ಈ ಮೂರರ ಸ್ಕ್ರೀನ್‌ಶಾಟ್ ತಾರೀಕು ಕಾಣುವಂತೆ ಇರಲಿ. ಸ್ಕ್ರೀನ್‌ಶಾಟ್ ಇಲ್ಲದಿದ್ದರೆ, ‘ಗ್ರಾಹಕರೇ ಆರಿಸಿದ್ದಾರೆ’ ಎಂದು ಕಂಪನಿ ಉತ್ತರಿಸಿದಾಗ ನಿಮ್ಮ ಬಳಿ ತೋರಿಸಲು ಏನೂ ಉಳಿಯುವುದಿಲ್ಲ.

ಎಂಬಿಎ ಪ್ರಾಜೆಕ್ಟಿಗೆ ಕಿರಿಕಿರಿಯ ಪ್ರವಾಸ ಜಾಹೀರಾತಿಗೆ ಗ್ರಾಹಕರ ಪ್ರತಿಕ್ರಿಯೆ ಎಂಬ ವಿಷಯ ಆರಿಸಿದ್ದೇನೆ. ಪ್ರಶ್ನಾವಳಿ ಹೇಗಿರಬೇಕು?
— ಓದುಗರು, ಕಲಬುರಗಿ

ಒಳ್ಳೆಯ ವಿಷಯ. ‘ಇಂಥ ಜಾಹೀರಾತು ಕಂಡರೆ ಸಿಟ್ಟು ಬರುತ್ತದೆಯೇ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ, ನಿಮಗೆ ಏನೂ ತಿಳಿಯುವುದಿಲ್ಲ. ಜಾಹೀರಾತು ಎಷ್ಟು ಅಡ್ಡ ಬರುತ್ತದೆ ಎಂಬುದನ್ನು ಅಳೆಯಲು ಹೈರಾಂಗ್ ಲಿ, ಸ್ಟೀವನ್ ಎಡ್ವರ್ಡ್ಸ್, ಜೂ-ಹ್ಯೂನ್ ಲಿ 2002ರಲ್ಲಿ ರೂಪಿಸಿದ ಏಳು ಅಂಶಗಳ ಅಳತೆಗೋಲು ಇದೆ. ಗಮನ ಕೆಡಿಸಿತೇ, ತೊಂದರೆ ಕೊಟ್ಟಿತೇ, ಬಲವಂತ ಅನ್ನಿಸಿತೇ, ಮಾಡುತ್ತಿದ್ದ ಕೆಲಸಕ್ಕೆ ಅಡ್ಡ ಬಂತೇ, ಒಳನುಗ್ಗಿದಂತಾಯಿತೇ ಎಂಬ ಧಾಟಿಯವು. ಕನ್ನಡಕ್ಕೆ ತಂದ ಮೇಲೆ ಮೊದಲು ಹತ್ತಿಪ್ಪತ್ತು ಜನರಿಗೆ ಕೊಟ್ಟು, ಎರಡು ಪ್ರಶ್ನೆ ಒಂದೇ ಅನ್ನಿಸುತ್ತದೆಯೇ ಎಂದು ಪರೀಕ್ಷಿಸಿ.

ಆಮೇಲೆ ಭಾವನೆಗಿಂತ ನಡವಳಿಕೆ ಕೇಳಿ. ಕಳೆದ 7 ದಿನದಲ್ಲಿ ಯಾವುದಾದರೂ ಪ್ರವಾಸ ಜಾಹೀರಾತನ್ನು ಹೈಡ್ ಮಾಡಿದ್ದೀರಾ, ಆ್ಯಪ್ ತೆಗೆದುಹಾಕಿದ್ದೀರಾ, ನಂಬರ್ ಬ್ಲಾಕ್ ಮಾಡಿದ್ದೀರಾ, ಆ ಬ್ರಾಂಡ್ ಬಿಟ್ಟು ಬೇರೆ ಕಡೆ ಬುಕ್ ಮಾಡಿದ್ದೀರಾ, ಅಥವಾ ಜಾಹೀರಾತು ನೋಡಿಯೇ ಬುಕ್ ಮಾಡಿದ್ದೀರಾ? ಉತ್ತರಗಳು ಸಾಮಾನ್ಯವಾಗಿ ನಾಲ್ಕು ಕಡೆ ಗುಂಪಾಗುತ್ತವೆ. ಕಣ್ಣಿಗೆ ಬಿದ್ದರೂ ಕಾಣದಿರುವುದು ಒಂದು. 1998ರಲ್ಲಿ ಬೆನ್‌ವೇ ಮತ್ತು ಲೇನ್ ಇದಕ್ಕೆ ಬ್ಯಾನರ್ ಬ್ಲೈಂಡ್‌ನೆಸ್ ಎಂದು ಹೆಸರಿಟ್ಟರು. ತಡೆಗಟ್ಟುವುದು ಇನ್ನೊಂದು. ಹಟಕ್ಕೆ ಬಿದ್ದು ವಿರುದ್ಧ ನಡೆದುಕೊಳ್ಳುವುದು ಮೂರನೆಯದು. ಸ್ವಾತಂತ್ರ್ಯಕ್ಕೆ ಧಕ್ಕೆ ಬಂದಾಗ ಮನುಷ್ಯ ಅದನ್ನು ಮರಳಿ ಪಡೆಯಲು ಹೊರಡುತ್ತಾನೆ ಎಂಬ ಜ್ಯಾಕ್ ಬ್ರೆಮ್ ಅವರ 1966ರ ಸಿದ್ಧಾಂತ ಇದಕ್ಕೆ ಆಧಾರ. ನಾಲ್ಕನೆಯದು ಬೈದುಕೊಂಡೇ ಕೊಳ್ಳುವುದು. ಈ ನಾಲ್ಕನೆಯವರನ್ನು ವಿದ್ಯಾರ್ಥಿಗಳ ಪ್ರಾಜೆಕ್ಟುಗಳು ಹೆಚ್ಚಾಗಿ ಕೈಬಿಡುತ್ತವೆ. ಅವರನ್ನು ಬಿಟ್ಟರೆ ಕಂಪನಿಗಳು ಇಂಥ ಜಾಹೀರಾತನ್ನು ಯಾಕೆ ನಿಲ್ಲಿಸುತ್ತಿಲ್ಲ ಎಂಬುದಕ್ಕೆ ಉತ್ತರವೇ ಸಿಗದು.

ಪ್ರವಾಸದ ಯಾವ ಹಂತದಲ್ಲಿದ್ದಾರೆ ಎಂಬ ಪ್ರಶ್ನೆ ಕಡ್ಡಾಯ ಹಾಕಿ: ಯೋಚನೆಯೇ ಇಲ್ಲ, ಹುಡುಕುತ್ತಿದ್ದಾರೆ, ಬುಕ್ ಆಗಿದೆ, ವಾಪಸು ಬಂದಿದ್ದಾರೆ. ಅದೇ ಜಾಹೀರಾತು ಹುಡುಕುವವರಿಗೆ ಉಪಯುಕ್ತ, ವಾಪಸು ಬಂದವರಿಗೆ ರೇಜಿಗೆ. ಬರೀ ಸಹಪಾಠಿಗಳಿಂದ ಗೂಗಲ್ ಫಾರ್ಮ್ ತುಂಬಿಸಬೇಡಿ. ಸ್ವಂತ ಹಣದಲ್ಲಿ ಕುಟುಂಬದ ಪ್ರವಾಸ ಬುಕ್ ಮಾಡುವ 35 ದಾಟಿದವರು ನಿಮ್ಮ ಮಾದರಿಯಲ್ಲಿ ಅರ್ಧದಷ್ಟಾದರೂ ಇರಲಿ. ನಿಯಂತ್ರಣದ ಪ್ರಶ್ನೆಯೂ ಒಂದಿರಲಿ, ಯಾಕೆಂದರೆ ಕ್ಯಾಥರೀನ್ ಟಕ್ಕರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೇಸ್‌ಬುಕ್ ಬಳಕೆದಾರರಿಗೆ ಖಾಸಗಿತನದ ಮೇಲೆ ಹೆಚ್ಚು ಹಿಡಿತ ಕೊಟ್ಟ ನಂತರ ವೈಯಕ್ತಿಕ ಮಾಹಿತಿ ಬಳಸಿದ ಜಾಹೀರಾತಿನ ಮೇಲೆ ಕ್ಲಿಕ್ ಮಾಡುವ ಸಾಧ್ಯತೆ ಸುಮಾರು ಇಮ್ಮಡಿಯಾಯಿತು. ಹಿಡಿತ ತನ್ನ ಕೈಯಲ್ಲಿದೆ ಅನ್ನಿಸಿದರೆ ಜನ ಅಷ್ಟು ಸಿಡುಕುವುದಿಲ್ಲ.

ಜರ್ಮನಿಯಲ್ಲಿರುವ ಮಗಳು ಪ್ರತಿ ಸೈಟಿನಲ್ಲೂ ‘ಎಲ್ಲ ಬೇಡ’ ಎಂದು ಒತ್ತುತ್ತಾಳೆ. ಇಲ್ಲಿ ಆ ಗುಂಡಿಯೇ ಕಾಣುವುದಿಲ್ಲವಲ್ಲ?
— ಓದುಗರು, ಧಾರವಾಡ

ಯುರೋಪಿನಲ್ಲಿ ಜಾಹೀರಾತಿನ ಕುಕಿ ಹಾಕುವ ಮೊದಲೇ ಒಪ್ಪಿಗೆ ಬೇಕು. ಒಪ್ಪುವುದು ಒಂದು ಕ್ಲಿಕ್, ನಿರಾಕರಿಸುವುದು ಹಲವು ಕ್ಲಿಕ್ ಎಂಬ ಕಾರಣಕ್ಕೆ ಫ್ರಾನ್ಸಿನ ಖಾಸಗಿತನ ಪ್ರಾಧಿಕಾರ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯುರೊ, ಫೇಸ್‌ಬುಕ್‌ಗೆ 6 ಕೋಟಿ ಯುರೊ ದಂಡ ಪ್ರಕಟಿಸಿತು. ಆಮೇಲೆ ‘ಎಲ್ಲ ಬೇಡ’ ಗುಂಡಿ ಎದ್ದು ಕಾಣತೊಡಗಿತು. ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದ್ದು, ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಗಡುವಿದೆ. ಅಲ್ಲಿಯವರೆಗೆ ಬ್ರೌಸರ್ ಸೆಟ್ಟಿಂಗ್ಸ್‌ನಲ್ಲೇ ಹೊರಗಿನವರ ಕುಕಿಯನ್ನು ತಡೆದುಬಿಡಿ.

ಯಾವುದೋ ಪ್ರವಾಸ ಲೇಖನ ಓದಲು ‘ಅಲೋ’ ಒತ್ತಿದೆ. ಈಗ ಫೋನಿನ ಮೇಲ್ಭಾಗದಲ್ಲಿ ದಿನವಿಡೀ ಪ್ಯಾಕೇಜ್ ಟೂರ್ ನೋಟಿಫಿಕೇಷನ್. ವೈರಸ್ಸೇ?
— ಓದುಗರು, ತುಮಕೂರು

ವೈರಸ್ ಅಲ್ಲ, ಆ ಸೈಟಿಗೆ ನೀವೇ ಕೊಟ್ಟ ಅನುಮತಿ. ಮುಂದಿನ ನೋಟಿಫಿಕೇಷನ್ ಬಂದಾಗ ಅದನ್ನು ತೆರೆಯದೆ ಬೆರಳಿನಿಂದ ಒತ್ತಿ ಹಿಡಿಯಿರಿ. ಕ್ರೋಮ್ ಎಂಬುದರ ಪಕ್ಕ ಸೈಟಿನ ಹೆಸರು ಕಾಣುತ್ತದೆ. ಆಮೇಲೆ ಕ್ರೋಮ್‌ನ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್ ಎಂದು ಹೋಗಿ ಆ ಸೈಟನ್ನು ಬ್ಲಾಕ್ ಮಾಡಿ. ಅಲ್ಲೇ ಮೇಲಿರುವ ಗುಂಡಿಯಿಂದ, ಮುಂದೆ ಯಾವ ಸೈಟೂ ಅನುಮತಿ ಕೇಳದಂತೆ ಮಾಡಬಹುದು. ‘ನಿಮ್ಮ ಫೋನ್‌ಗೆ ವೈರಸ್ ಬಂದಿದೆ, ಕ್ಲೀನ್ ಮಾಡಿ’ ಎಂಬ ನೋಟಿಫಿಕೇಷನ್ ಕೂಡ ಅದೇ ಸೈಟಿನಿಂದ ಬರುತ್ತಿರಬಹುದು. ಅದನ್ನು ಒತ್ತಿ ಯಾವ ಆ್ಯಪ್ಪನ್ನೂ ಇಳಿಸಿಕೊಳ್ಳಬೇಡಿ.